ಗಾಜಿನಾಚೆಯ ಗೋಡೆ

ಕಡಲು ನುಂಗಿದ ಬೀದಿಗೇ ಗಾಜಿನ ಸುರಂಗ ಇಳಿಸಿ ಮಂಗಳೂರಿನಲ್ಲಿ ಅಕ್ವೇರಿಯಂ ಮಾಡಿದ್ದರು. ಅಲ್ಲಿ ಹಿಂದೆ ವಾಸವಿದ್ದವರಿಗೆ ಟಿಕೆಟ್ ಬೇಕಿರಲಿಲ್ಲ. ಓರಗಿತ್ತಿಯರಾದ ಜಲಜಾಕ್ಷಿ ಮತ್ತು ಸುನಂದಾ ತಮ್ಮ ಮನೆಯ ಎದುರು ಬಂದು ನಿಂತರು. ಛಾವಣಿ ಎಂದೋ ಹೋಗಿತ್ತು. ಅಡುಗೆಮನೆಯನ್ನು ಎರಡು ಮಾಡಲು ಇಬ್ಬರೂ ಹಟ ಹಿಡಿದು ಕಟ್ಟಿಸಿದ್ದ ಎದೆಮಟ್ಟದ ಗೋಡೆ ಹಾಗೇ ಇತ್ತು. ಅದರ ಮೇಲಿಂದ ಬಂಗುಡೆಯ ಹಿಂಡೊಂದು ಆಚೀಚೆ ಓಡಾಡುತ್ತಿತ್ತು.

"ನಿಮ್ಮ ಕೋಳಿ ಹಾರಿ ಈಚೆ ಬಂದ್ರೆ ನಾನು ಎಷ್ಟು ಬೈತಿದ್ದೆ ಅಲ್ವಾ ಅಕ್ಕ?" ಎಂದಳು ಸುನಂದಾ.

"ನಾನೇನು ಸುಮ್ನೆ ಇರ್ತಿದ್ದೆನಾ ಮಾರಾಯ್ತಿ?" ಎಂದಳು ಜಲಜಾಕ್ಷಿ.

ಅಷ್ಟರಲ್ಲಿ ಶಾಲೆಯ ಮಕ್ಕಳನ್ನು ಕರೆತಂದ ಗೈಡ್ ಅದೇ ಗೋಡೆಯತ್ತ ಕೈ ತೋರಿಸಿದ.

"ನೋಡಿ ಮಕ್ಕಳೇ, ಇಡೀ ಬೀದಿಯಲ್ಲಿ ಬೀಳದೆ ನಿಂತದ್ದು ಇದೊಂದೇ. ಕಟ್ಟಿಸಿದವರು ತುಂಬಾ ಪ್ರೀತಿಯಿಂದ ಕಟ್ಟಿಸಿರಬೇಕು."