ಕೊನೆಯ ಕಾಲಂ

ಗೇಟಿನಿಂದಾಚೆ ಕಾರು ಹೋಗುವುದಿಲ್ಲ. ಅಲ್ಲಿಂದ ಬೆಟ್ಟಕ್ಕೆ ಕಾಡಿನೊಳಗಿನ ಕಾಲುದಾರಿಯೊಂದೇ. ಹದಿನೆಂಟು ಕಿಲೋಮೀಟರ್ ಕಲ್ಲುರಸ್ತೆಯಲ್ಲಿ ಒಬ್ಬನೇ ಕಾರು ಓಡಿಸಿಕೊಂಡು ಬಂದವನ ಮುಂದೆ ನಾನು ರಿಜಿಸ್ಟರ್ ತೆರೆದಿಟ್ಟೆ.

ಹೆಸರು, ಊರು, ಕಾರಿನ ನಂಬರು ಬರೆದ. ಕೊನೆಯ ಕಾಲಂ ಖಾಲಿ ಬಿಟ್ಟ.

“ಏನಾದರೂ ಆದರೆ ಯಾರಿಗೆ ಫೋನ್ ಮಾಡಬೇಕು, ಅದನ್ನೂ ಬರೀರಿ ಸಾರ್.”

“ಬರೀಲೇಬೇಕಾ?”

“ಬರೀದಿದ್ರೆ ಒಳಗೆ ಬಿಡೋ ಹಾಗಿಲ್ಲ. ಹೆಂಡತಿ, ಅಣ್ಣತಮ್ಮ, ಆಫೀಸಿನವರು, ಯಾರದ್ದಾದರೂ ಆಗುತ್ತೆ.”

ಪೆನ್ನು ಹಿಡಿದು, ಗೇಟಿಗೆ ಹಾಕಿದ್ದ ಅರಣ್ಯ ಇಲಾಖೆಯ ಹೊಸ ಬೋರ್ಡನ್ನೇ ತುಂಬಾ ಹೊತ್ತು ನೋಡುತ್ತ ನಿಂತ. ನನಗೆ ರೇಗಿತು. ಮನೆಯವರ ನಂಬರು ನೆನಪು ಮಾಡಿಕೊಳ್ಳೋಕೆ ಇಷ್ಟು ಹೊತ್ತಾ? ಕೊನೆಗೂ ಬರೆದ.

“ಇವರು ನಿಮಗೆ ಏನಾಗಬೇಕು?”

“ಪರಿಚಯದವರು,” ಅಂದ, ನನ್ನ ಮುಖ ನೋಡಿ.

ನಾಲ್ಕಕ್ಕೆಲ್ಲ ವಾಪಸ್ ಬರಬೇಕೆಂಬುದು ನಿಯಮ. ಆರಾದರೂ ಕಾರು ನಿಂತಲ್ಲೇ ನಿಂತಿತ್ತು. ಗಾಬರಿಯಾಗಿ ರಿಜಿಸ್ಟರ್ ತೆಗೆದು, ನನ್ನ ಸ್ವಂತ ಮೊಬೈಲಿನಿಂದ ಆ ನಂಬರಿಗೆ ಫೋನ್ ಮಾಡಿದೆ.

ನನ್ನ ಅಂಗಿಯ ಜೇಬಿನಲ್ಲಿ, ಬೋರ್ಡಿನ ಮೇಲೆ ನಂಬರು ಬರೆಸಿದ್ದ ಇಲಾಖೆಯ ಮೊಬೈಲು ರಿಂಗಾಯಿತು.