ಲೊಯಿಕ್‌ನ ಹೆಸರು

ಸಹಿ ಹಾಕಲು ಪೆನ್ನು ಎತ್ತಿದ ಎರ್ವಾನ್, ಎದುರಿಗೆ ನಿಂತವಳು ಸೋಲೆನ್ ಎಂದು ಕಂಡು ತಡೆದ. ರೆನ್ ಪೇಟೆಯ ಆ ರೆಕಾರ್ಡ್ ಅಂಗಡಿಯ ಹೊರಗೂ ಸಾಲು ಬೆಳೆದಿತ್ತು. ಹರೆಯದಲ್ಲಿ ಅವನು ಗೆಳೆಯರೊಡನೆ ಮಾಡಿದ ಆಲ್ಬಮ್ಮನ್ನು ಆಗ ಯಾರೂ ಕೊಳ್ಳಲಿಲ್ಲ. ಫ್ರಾನ್ಸಿನ ಅರ್ಧಕ್ಕರ್ಧ ರಾಕ್ ತಂಡಗಳು ಹುಟ್ಟಿದ್ದೇ ಅದನ್ನು ಕೇಳಿ ಎಂದು ಈಗ ಎಲ್ಲರೂ ಹೇಳುತ್ತಿದ್ದರು. ಅದರಲ್ಲಿ ಡ್ರಮ್ಸ್ ನುಡಿಸಿದವನು ಸೋಲೆನ್‌ಳ ಗಂಡ ಲೊಯಿಕ್. ಜಗಳವಾಡಿ ಅವನ ಹೆಸರನ್ನು ಆಲ್ಬಮ್ಮಿನ ಹೊದಿಕೆಯಿಂದ ತೆಗೆಸಿದವನು ಎರ್ವಾನ್. ಈಗ ಸಹಿ ಹಾಕುತ್ತಿದ್ದ ಹೊಸ ಮುದ್ರಣದಲ್ಲಿ ಅದನ್ನು ತಾನೇ ಸೇರಿಸಿದ್ದ.

“ಅವನ ಹೆಸರು ಹಾಕ್ಸಿದೀನಿ, ನೋಡು,” ಎಂದ. “ಅವನೇ ಯಾಕೆ ಬರ್ಲಿಲ್ಲ? ಇನ್ನೂ ಸಿಟ್ಟಾ ಆ ಕತ್ತೆಗೆ?”

“ಮಂಗಳವಾರ ಮಣ್ಣು ಮಾಡಿದ್ವಿ.”

ಎರ್ವಾನ್ ಪೆನ್ನು ಕೆಳಗಿಟ್ಟ. “ನನ್ನ ಬೈಕೊಂಡೇ ಹೋದ್ನಾ?”

“ಬೈತಿದ್ದ, ದಿನಾ ಬೈತಿದ್ದ,” ಎಂದಳು ಸೋಲೆನ್. “ಆದ್ರೆ ಮೊಮ್ಮಗಳಿಗೆ ಮೊದಲ್ನೇ ಹಾಡು ಹಾಕ್ದಾಗೆಲ್ಲ, ನಿನ್ನ ಗಿಟಾರ್ ಶುರುವಾಗೋಕ್ ಮುಂಚೆ ಅವಳ ಕೈ ಹಿಡ್ಕೊಂಡು, ‘ಸುಮ್ನಿರು ಪುಟ್ಟಿ, ಈಗ ನನ್ನ ಗೆಳೆಯ ಬರ್ತಾನೆ’ ಅಂತಿದ್ದ.”

ಎರ್ವಾನ್ ಎದ್ದ. ಸಾಲಿನವರೆಲ್ಲ ನೋಡುತ್ತಿದ್ದಂತೆಯೇ ಅವಳ ಭುಜಕ್ಕೆ ಹಣೆ ಆನಿಸಿ ಬಿಕ್ಕಿದ. ಅವಳು ಅವನನ್ನು ತಬ್ಬಲಿಲ್ಲ, ದೂರ ತಳ್ಳಲೂ ಇಲ್ಲ.