ಊರ ಬಾವಿಗೆ ಹಾಕುವ ಪುಡಿ

ಈಗಲೂ ಬ್ಲೀಚಿಂಗ್ ಪೌಡರಿನ ಘಾಟು ಮೂಗಿಗೆ ಬಡಿದರೆ ರಾಯಬಾಗ ಕಡೆಯ ನಮ್ಮೂರಿನ ಆ ಮಧ್ಯಾಹ್ನ ನೆನಪಾಗುತ್ತದೆ.

ಅವ್ವ ಪಂಚಾಯಿತಿ ಅಧ್ಯಕ್ಷೆಯಾಗಿದ್ದಳು. ಸುಳ್ಳು ಬಿಲ್ಲಿಗೆ ಸಹಿ ಹಾಕಲಿಲ್ಲವೆಂಬ ಸಿಟ್ಟಿಗೆ ಅವಳ ಕಡೆಯ ಸದಸ್ಯರೇ ಅಂದು ಅವಿಶ್ವಾಸಕ್ಕೆ ಕೈ ಎತ್ತಿ ಅವಳನ್ನು ಕೆಳಗಿಳಿಸಿದರು. ಅವರಲ್ಲಿ ಅಪ್ಪನ ತಮ್ಮನ ಹೆಂಡತಿ, ನಮ್ಮ ಕಾಕುವೂ ಒಬ್ಬಳು. ಮನೆಗೆ ಬಂದ ಅವ್ವ ಒಂದು ತಂಬಿಗೆ ನೀರು ಕುಡಿದು, ಎಂದಿನಂತೆ ಊರ ಬಾವಿಗೆ ಹಾಕಲು ಬಕೆಟ್ಟಿನಲ್ಲಿ ಪುಡಿ ಕಲಸತೊಡಗಿದಳು. ಹಸಿರು ಬಳೆಗಳಿಗೆಲ್ಲ ಬಿಳಿ ಮೆತ್ತಿತು.

“ಇನ್ನ ನೀ ಅಧ್ಯಕ್ಷಿ ಅಲ್ಲಲಾ ಬೇ?” ಎಂದೆ.

“ಅದಕ್ಕ ಮಂದಿ ನೀರ ಕುಡಿಯೂದ ಬಿಟ್ಟಾರೇನ?”

ಬಾವಿಕಟ್ಟೆಯ ಹತ್ತಿರ ಕಾಕು ಕೊಡ ಹಿಡಿದು ನಿಂತಿದ್ದಳು. ನಮ್ಮನ್ನು ಕಂಡು ಕೊಡ ಕೆಳಗಿಟ್ಟು ಬಂದು ಬಕೆಟ್ಟಿಗೆ ಕೈ ಹಚ್ಚಿದಳು.

ಅವ್ವ ಕೈ ಬಿಡಿಸಲಿಲ್ಲ.

“ಮೂಗಿಗೆ ಸೆರಗ ಹಿಡಕೋ,” ಎಂದಳು. “ಭಾಳ ಘಾಟ ಐತಿ.”